ಸೋತ ಮರುದಿನ ಶಾಖೆಯಲ್ಲಿ ಉಳಿದವರು

1978ರ ಮುಂಬಯಿ ಮಹಾನಗರಪಾಲಿಕೆ ಚುನಾವಣೆಯ ಫಲಿತಾಂಶ ಬಂದ ಮರುದಿನ ಬೆಳಿಗ್ಗೆ, ಲಾಲ್‌ಬಾಗಿನ ನಮ್ಮ ಹೋಟೆಲಿನ ಎದುರಿಗಿದ್ದ ಶಿವಸೇನೆಯ ಶಾಖೆಯ ಹಲಗೆ ಖಾಲಿಯಾಗಿತ್ತು. ಆ ಕಪ್ಪು ಹಲಗೆಯನ್ನು ಓದಿ ಓದಿಯೇ ನಾನು ಮರಾಠಿ ಕಲಿತವನು. ನಲ್ಲಿಯಲ್ಲಿ ನೀರು ಬಿಡುವ ಹೊತ್ತು, ರೇಷನ್ ಅಂಗಡಿಗೆ ಸೀಮೆಎಣ್ಣೆ ಬಂದ ಸುದ್ದಿ, ಚಾಳಿನಲ್ಲಿ ತೀರಿಕೊಂಡವರ ಹೆಸರು, ಪರೀಕ್ಷೆಯಲ್ಲಿ ಪಾಸಾದ ಮಕ್ಕಳಿಗೆ ಅಭಿನಂದನೆ, ಶಿವಾಜಿ ಪಾರ್ಕಿನಲ್ಲಿ ನಡೆಯಲಿರುವ ಸಭೆ, ಇವೆಲ್ಲವೂ ದುಂಡನೆಯ ಬಾಳಬೋಧ, ಅಂದರೆ ದೇವನಾಗರಿ, ಅಕ್ಷರಗಳಲ್ಲಿ ಅಲ್ಲಿ ಮೂಡುತ್ತಿದ್ದವು. ಬರೆಯುತ್ತಿದ್ದವರು ಶಾಖೆಯ ಉಪಪ್ರಮುಖರು. ಖಾಸಗಿ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದ ಅವರನ್ನು ಬೀದಿಯೆಲ್ಲ ಮಾಸ್ತರ್ ಎಂದೇ ಕರೆಯುತ್ತಿತ್ತು. ಅಂದು ಮಾಸ್ತರ್ ಬರಲಿಲ್ಲ. ಗಲ್ಲಾದ ಹಿಂದೆ ನಿಂತಿದ್ದ ಅಪ್ಪ ಹಲಗೆಯನ್ನೊಮ್ಮೆ ನೋಡಿ, ಶಟರನ್ನು ಅರ್ಧಕ್ಕೆ ಮಾತ್ರ ಎತ್ತುವಂತೆ ಮಾಣಿಗಳಿಗೆ ಹೇಳಿದರು. ಗೆದ್ದರೆ ಮೆರವಣಿಗೆ, ಸೋತರೆ ಕಲ್ಲು. ಎರಡಕ್ಕೂ ಅರ್ಧ ಶಟರೇ ಸರಿ ಎಂಬುದು ಅವರ ಲೆಕ್ಕವಾಗಿತ್ತು.

ಕಲ್ಲು ಬೀಳಲಿಲ್ಲ. ಆದರೆ ಅಲ್ಲಿಂದ ಮುಂದಿನ ಆರೇಳು ವರ್ಷ ಆ ಶಾಖೆಯಲ್ಲಿ ನಡೆದದ್ದನ್ನು ರಸ್ತೆಯ ಈಚೆಯಿಂದ ನೋಡಿದ ಮೇಲೆ, ಚುನಾವಣೆಯಲ್ಲಿ ಸೋತ ಪಕ್ಷದ ಉಗ್ರರ ಬಣಕ್ಕೆ ಆ ಸೋಲು ಏನು ಮಾಡುತ್ತದೆ ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಮತದಾರ ಪಾಠ ಕಲಿಸಿದ್ದಾನೆ, ಇನ್ನು ಇವರು ಮೆತ್ತಗಾಗಲೇಬೇಕು ಎಂದು ಪ್ರತಿ ಸೋಲಿನ ಮರುದಿನವೂ ಪತ್ರಿಕೆಗಳಲ್ಲಿ ಯಾರಾದರೊಬ್ಬರು ಬರೆಯುತ್ತಾರೆ. ನಾನು ಕಂಡ ಸೋಲು ಪಾಠ ಹೇಳುವ ಮೇಷ್ಟರಂತೆ ಇರಲಿಲ್ಲ, ಜರಡಿಯಂತೆ ಇತ್ತು. ಅದು ಯಾರನ್ನು ಕೆಳಕ್ಕೆ ಬಿಡುತ್ತದೆ, ಯಾರನ್ನು ಮೇಲೆ ಉಳಿಸಿಕೊಳ್ಳುತ್ತದೆ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿರುತ್ತದೆ.

ಮೊದಲು ಪದದ ಬಗ್ಗೆ ಒಂದು ಮಾತು. ಮರಾಠಿಯಲ್ಲಿ ಇಂಥವರನ್ನು 'ಕಟ್ಟರ್' ಎನ್ನುತ್ತಾರೆ, ಮತ್ತು ಹಾಗೆ ಹೇಳುವಾಗ ಬೈಗುಳಕ್ಕಿಂತ ಮೆಚ್ಚುಗೆಯೇ ಹೆಚ್ಚಾಗಿರುತ್ತದೆ. ನಮ್ಮ ಕನ್ನಡದ 'ಕಟ್ಟಾ' ಕೂಡ ಹಾಗೆಯೇ: ಕಟ್ಟಾಳು, ಕಟ್ಟಾ ಅಭಿಮಾನಿ. ಇದಕ್ಕೆ ಎದುರಾಗಿ ಪಠ್ಯಪುಸ್ತಕಗಳು ನಮಗೆ ಕೊಟ್ಟ ಪದ 'ಮಂದಗಾಮಿ'. ಕಟ್ಟಾ ಮಂದಗಾಮಿ ಎಂದು ಯಾರೂ ಗೋಡೆಯ ಮೇಲೆ ಬರೆಸಿಕೊಂಡದ್ದನ್ನು ನಾನು ಕಂಡಿಲ್ಲ. ಒಂದು ಕಡೆಯವರಿಗೆ ಭಾಷೆಯೇ ಎದೆಯುಬ್ಬಿಸುವ ಹೆಸರು ಕೊಟ್ಟಿರುವಾಗ, ಇನ್ನೊಂದು ಕಡೆಯವರು ವಾದಕ್ಕೆ ಇಳಿಯುವ ಮೊದಲೇ ಅರ್ಧ ಸೋತಿರುತ್ತಾರೆ.

ಮುಂಬಯಿಯ ಕನ್ನಡಿಗನಿಗೆ ಈ ವಿಷಯ ಪುಸ್ತಕದ್ದಲ್ಲ. ಬಾಳಾಸಾಹೇಬ್ ಠಾಕ್ರೆ 1966ರ ಜೂನ್ 19ರಂದು ಶಿವಸೇನೆಯನ್ನು ಕಟ್ಟಿದಾಗ ಅದರ ಮೊದಲ ಗುರಿ ನಾವೇ ಆಗಿದ್ದೆವು. ಅವರ 'ಮಾರ್ಮಿಕ' ವಾರಪತ್ರಿಕೆ, ಮುಂಬಯಿಯ ಕಚೇರಿಗಳಲ್ಲಿ ಕೆಲಸಕ್ಕಿದ್ದ ದಕ್ಷಿಣದವರ ಹೆಸರುಗಳ ಪಟ್ಟಿಯನ್ನು 'ವಾಚಾ ಆಣಿ ಥಂಡ ಬಸಾ', ಅಂದರೆ ಓದಿ ಸುಮ್ಮನೆ ಕೂರಿ, ಎಂಬ ಚುಚ್ಚುಮಾತಿನ ತಲೆಬರಹದಡಿ ಪ್ರಕಟಿಸುತ್ತಿತ್ತು. 'ಹಟಾವ್ ಲುಂಗಿ, ಬಜಾವ್ ಪುಂಗಿ' ಎಂಬ ಘೋಷಣೆ ಹುಟ್ಟಿದ್ದು ಆಗಲೇ. ತಮಿಳ, ಮಲಯಾಳಿ, ತುಳುವ, ಕನ್ನಡಿಗ ಎಂಬ ಭೇದ ಆ ಘೋಷಣೆಗೆ ಇರಲಿಲ್ಲ. ಹೋಟೆಲ್ ನಡೆಸುವವರೆಲ್ಲ ಒಂದೇ ಜಾತಿ. (ನಾವು ಶೆಟ್ಟರಲ್ಲ. ಆದರೂ ಲಾಲ್‌ಬಾಗಿನಲ್ಲಿ ಅಪ್ಪ ಮೂವತ್ತು ವರ್ಷ 'ಕಾಯ್ ಶೆಟ್ಟಿ' ಎಂಬ ಕರೆಗೆ ಓಗೊಟ್ಟವರು.) 1968ರ ಪಾಲಿಕೆ ಚುನಾವಣೆಯಲ್ಲಿ ಸೇನೆ 42 ಸ್ಥಾನ ಗೆದ್ದಿತು. ಮರುವರ್ಷ ಫೆಬ್ರವರಿಯಲ್ಲಿ, ಬೆಳಗಾವಿಯ ಗಡಿ ಪ್ರಶ್ನೆಯ ಮೇಲೆ ಆಗಿನ ಉಪಪ್ರಧಾನಿ ಮೊರಾರ್ಜಿ ದೇಸಾಯಿಯವರ ಕಾರನ್ನು ಮಾಹಿಮಿನಲ್ಲಿ ತಡೆಯಲು ಹೋದದ್ದು ಗಲಭೆಯಾಗಿ ಹಬ್ಬಿ, ದಿನಗಟ್ಟಲೆ ನಗರ ಹೊತ್ತಿ ಉರಿದು, ಐವತ್ತಕ್ಕೂ ಹೆಚ್ಚು ಜನ ಸತ್ತರು. ನನಗಾಗ ಹತ್ತು ವರ್ಷ. ಹೋಟೆಲಿನ ಮಾಳಿಗೆಯಲ್ಲಿ ಹಿಟ್ಟಿನ ಚೀಲಗಳ ನಡುವೆ ಭಟ್ಟರು, ಮಾಣಿಗಳು, ಅಪ್ಪ ಮತ್ತು ನಾನು ಮೂರು ರಾತ್ರಿ ಕಳೆದೆವು. ಕೆಳಗೆ ಗಾಜಿನ ಕಪಾಟು ಒಡೆದ ಸದ್ದು ಕೇಳಿಸಿದಾಗ ಭಟ್ಟರು, ಬಾಂಬೆ ಹಲ್ವದ ತಟ್ಟೆ ಅದರಲ್ಲೇ ಉಳಿದಿತ್ತಲ್ಲಾ ಎಂದು ಮರುಗಿದ್ದು ನೆನಪಿದೆ.

ಆ ಗಲಭೆಯ ಹುಡುಗರೇ ಮುಂದೆ ನಮ್ಮ ಗಿರಾಕಿಗಳಾದರು. ಇದರಲ್ಲಿ ಆಶ್ಚರ್ಯವೇನಿಲ್ಲ, ಗಿರಣಿಯ ಪಾಳಿ ಮುಗಿಸಿ ಬಂದವನಿಗೆ ಎರಡಾಣೆಯ ಚಹಾ ಬೇರೆಲ್ಲಿಯೂ ಸಿಗುತ್ತಿರಲಿಲ್ಲ. ಗೆದ್ದ ಪಕ್ಷದ ಶಾಖೆ ಎಂದರೆ ಅದೊಂದು ಸಣ್ಣ ಸರಕಾರ. ಬೆಳಗಿನಿಂದ ಅಲ್ಲಿ ಜನ ಸಾಲಾಗಿ ನಿಲ್ಲುತ್ತಿದ್ದರು: ಮಗನಿಗೆ ಶಾಲೆಯಲ್ಲಿ ಸೀಟು, ಆಸ್ಪತ್ರೆಯಲ್ಲಿ ಹಾಸಿಗೆ, ಚಾಳಿನ ಮಾಲೀಕನ ಜೊತೆಗಿನ ಜಗಳ. ಇವನ್ನೆಲ್ಲ ಬಗೆಹರಿಸುವುದಕ್ಕೆ ಮಾಸ್ತರರಂಥವರು ಬೇಕಿತ್ತು. ಅರ್ಜಿ ಬರೆಯಬಲ್ಲವರು, ಪಾಲಿಕೆಯ ಗುಮಾಸ್ತನ ಜೊತೆ ಮೆಲ್ಲನೆ ಮಾತಾಡಬಲ್ಲವರು, ಎದುರಾಳಿ ಪಕ್ಷದ ನಗರಸೇವಕನ ಮನೆಗೂ ಹೋಗಿ ಕೆಲಸ ಮಾಡಿಸಿಕೊಂಡು ಬರಬಲ್ಲವರು. ಗುತ್ತಿಗೆ ಹಿಡಿಯುವವರೂ ಇದ್ದರು, ಅಂಗಡಿಗೆ ಪರವಾನಗಿ ಬೇಕಾದವರೂ ಇದ್ದರು. ಶಾಖೆಯ ಒಳಗಿನ ಬೆಂಚಿನ ಮೇಲೆ ಸಂಜೆ ಹೊತ್ತು ಕೂರುವ ಹತ್ತು ಹದಿನೈದು ಹುಡುಗರೂ ಇದ್ದರು. ಅವರಿಗೆ ಅರ್ಜಿ ಬರೆಯಲು ಬರುತ್ತಿರಲಿಲ್ಲ, ಬಂದ್ ಮಾಡಿಸಲು ಬರುತ್ತಿತ್ತು. ಗೆದ್ದ ಕಾಲದಲ್ಲಿ ಈ ಹುಡುಗರು ಗುಂಪಿನ ಒಂದು ಮೂಲೆಯಾಗಿದ್ದರು, ಅಷ್ಟೇ.

ಸೇನೆ ತುರ್ತುಪರಿಸ್ಥಿತಿಯನ್ನು ಬೆಂಬಲಿಸಿತು, 1977ರಲ್ಲಿ ಕಾಂಗ್ರೆಸ್ಸಿನ ಬೆನ್ನಿಗೆ ನಿಂತಿತು. ಜನತಾ ಅಲೆಯಲ್ಲಿ ಅದಕ್ಕೆ ಬೆಲೆ ತೆರಬೇಕಾಯಿತು. 1978ರ ವಿಧಾನಸಭೆಯಲ್ಲಿ ಒಂದೂ ಸ್ಥಾನ ಬರಲಿಲ್ಲ. ಪಾಲಿಕೆಯಲ್ಲಿ ಮೊದಲಿದ್ದುದರ ಅರ್ಧದಷ್ಟು, 21 ಸ್ಥಾನಕ್ಕೆ ಇಳಿಯಿತು. ಎರಡು ವರ್ಷದ ನಂತರ ವಿಧಾನಸಭೆ ಚುನಾವಣೆಗೆ ನಿಲ್ಲದೆಯೇ ಕಾಂಗ್ರೆಸ್ಸಿಗೆ ಬೆಂಬಲ ಕೊಟ್ಟಿತು. ಹೊರಗಿನಿಂದ ನೋಡಿದವರಿಗೆ ಸೇನೆ ಮುಗಿದಂತೆಯೇ ಕಾಣುತ್ತಿತ್ತು.

ಎದುರುಗಡೆಯಿಂದ ನೋಡುತ್ತಿದ್ದ ನನಗೆ ಕಂಡದ್ದು ಇಷ್ಟು. ಮೊದಲು ಗುತ್ತಿಗೆದಾರರು ಹೋದರು. ಅವರು ಫಲಿತಾಂಶದ ವಾರದಲ್ಲೇ ಮಾಯವಾದರು. ಅಂಗಡಿಯವರು ನಿಧಾನವಾಗಿ ಹೋದರು, ನಮಸ್ಕಾರ ಚಮತ್ಕಾರ ಉಳಿಸಿಕೊಂಡೇ. ಅರ್ಜಿ ಹಿಡಿದುಕೊಂಡು ಬರುವವರ ಸಾಲು ಕರಗಿತು, ಏಕೆಂದರೆ ಸೋತವನ ಶಿಫಾರಸು ಯಾರಿಗೆ ಬೇಕು? ಸಾಲು ಕರಗಿದ ಮೇಲೆ ಮಾಸ್ತರರಿಗೂ ಅಲ್ಲಿ ಕೆಲಸವಿರಲಿಲ್ಲ. ಅವರು ರಾಜೀನಾಮೆ ಕೊಟ್ಟದ್ದಾಗಲಿ, ಯಾರೊಡನೆಯಾದರೂ ಜಗಳವಾಡಿದ್ದಾಗಲಿ ನಾನು ಕೇಳಿಲ್ಲ. ವಾರಕ್ಕೆ ಆರು ದಿನ ಬರುತ್ತಿದ್ದವರು ಎರಡು ದಿನ ಬರತೊಡಗಿ, ಆಮೇಲೆ ಹಬ್ಬಕ್ಕೊಮ್ಮೆ ಬಂದರು. ಬೆಂಚಿನ ಮೇಲಿನ ಹುಡುಗರು ಮಾತ್ರ ದಿನವೂ ಬಂದರು. ಅವರಿಗೆ ಹೋಗಲು ಬೇರೆ ಜಾಗವಿರಲಿಲ್ಲ. ಹತ್ತಡಿಗೆ ಹತ್ತಡಿಯ ಖೋಲಿಯಲ್ಲಿ ಎಂಟು ಜನ ಮಲಗುವ ಮನೆಯ ಹುಡುಗನಿಗೆ ಶಾಖೆಯ ಬೆಂಚೇ ಪಡಸಾಲೆ. ಒಂದು ವರ್ಷ ಕಳೆಯುವುದರೊಳಗೆ, ಅದೇ ಬೆಂಚು, ಅದೇ ಹುಡುಗರು, ಆದರೆ ಈಗ ಅವರೇ ಶಾಖೆ. ಹಲಗೆಯ ಮೇಲೆ ಮತ್ತೆ ಬರಹ ಕಾಣಿಸಿಕೊಂಡಿತು. ಅಕ್ಷರ ವಕ್ರವಾಗಿತ್ತು, ನೀರು ಬಿಡುವ ಹೊತ್ತು ಅದರಲ್ಲಿರಲಿಲ್ಲ.

ನನ್ನ ಮಾತೆಲ್ಲ ಇದರ ಸುತ್ತಲೇ ತಿರುಗುತ್ತದೆ. ಸೋತ ಪಕ್ಷದಲ್ಲಿ ಉಗ್ರರು ಗೆಲ್ಲುವುದು ಬಹುಮಟ್ಟಿಗೆ ವಾದದಿಂದಲ್ಲ, ಹಾಜರಿಯಿಂದ. ಸೌಮ್ಯನಾದವನಿಗೆ ಪಕ್ಷದ ಹೊರಗೂ ಒಂದು ಬದುಕಿರುತ್ತದೆ, ಆ ಕಾರಣಕ್ಕೇ ಅವನು ಸೌಮ್ಯನಾಗಿರುತ್ತಾನೆ. ಸೋತಾಗ ಅವನು ಆ ಬದುಕಿಗೆ ಮರಳುತ್ತಾನೆ.

ವಾದದ ಬಲವೂ ಉಗ್ರರ ಕಡೆಗೇ ಇರುತ್ತದೆ ಎನ್ನುವುದನ್ನು ಅಲ್ಲಗಳೆಯುತ್ತಿಲ್ಲ. ನಾವು ನಾವಾಗಿ ಉಳಿಯಲಿಲ್ಲ, ರಾಜಿ ಮಾಡಿಕೊಂಡೆವು, ಆದ್ದರಿಂದ ಸೋತೆವು ಎಂಬ ಮಾತನ್ನು ಸುಳ್ಳೆಂದು ತೋರಿಸುವುದು ಕಷ್ಟ, ಏಕೆಂದರೆ ಪೂರ್ತಿ ಉಗ್ರವಾಗಿ ಹೋರಾಡಿದ ಚುನಾವಣೆ ಎಂಬುದು ಎಂದೂ ಇರುವುದಿಲ್ಲ. ಎಲ್ಲೋ ಒಂದು ಕಡೆ ಯಾರೋ ಒಬ್ಬರು ಒಂದಿಷ್ಟು ರಾಜಿ ಮಾಡಿಕೊಂಡೇ ಇರುತ್ತಾರೆ. ಸೇನೆಯ ವಿಷಯದಲ್ಲಂತೂ ಈ ವಾದಕ್ಕೆ ಆಧಾರವೂ ಇತ್ತು. ಕಾಂಗ್ರೆಸ್ಸಿನ ಜೊತೆ ಹೋದದ್ದೇ ಅವರನ್ನು ಮುಳುಗಿಸಿತ್ತು. 1982ರ ಜನವರಿಯಲ್ಲಿ ದತ್ತಾ ಸಾಮಂತರ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿ ಬೀದಿಗಿಳಿದಾಗ, ಸೇನೆಯ ಕಾಲ ಕೆಳಗಿನ ನೆಲವೇ ಜಾರಿಹೋಯಿತು. ನಮ್ಮ ಹೋಟೆಲಿನ ಕಾಲ ಕೆಳಗಿನದೂ. ಸಾಲದ ಪುಸ್ತಕ ತುಂಬಿತೇ ಹೊರತು ಗಲ್ಲಾ ತುಂಬಲಿಲ್ಲ. 1984ರಲ್ಲಿ ಅಪ್ಪ ಪಾಲು ಬಿಟ್ಟುಕೊಟ್ಟು ಹೊರಬಂದರು.

ಅಷ್ಟರಲ್ಲಿ ಬೆಂಚಿನ ಹುಡುಗರ ಮಾತು ಬದಲಾಗಿತ್ತು. ಲುಂಗಿಯ ಸುದ್ದಿ ಯಾರೂ ಎತ್ತುತ್ತಿರಲಿಲ್ಲ. 'ಶೆಟ್ಟಿ ಆಪ್ಲಾ ಮಾಣೂಸ್', ಶೆಟ್ಟಿ ನಮ್ಮವನು, ಎಂದು ಅಪ್ಪನ ಹೆಗಲ ಮೇಲೆ ಕೈ ಹಾಕತೊಡಗಿದ್ದರು. ಏಕೆಂದು ತಿಳಿಯಲು ಹೆಚ್ಚು ದಿನ ಬೇಕಾಗಲಿಲ್ಲ. ಮರಾಠಿಗರ ಪಕ್ಷವಾಗಿ ಸೋತದ್ದು ಈಗ ಹಿಂದೂಗಳ ಪಕ್ಷವಾಗಿ ಏಳುತ್ತಿತ್ತು, ಆ ಹೊಸ ಲೆಕ್ಕದಲ್ಲಿ ಲುಂಗಿಯವನು ಒಳಗಿನವನು. 1984ರ ಮೇ ತಿಂಗಳಿನಲ್ಲಿ ಭಿವಂಡಿ ಮತ್ತು ಮುಂಬಯಿಯ ಗಲಭೆಗಳಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಮರುವರ್ಷ ಪಾಲಿಕೆಯ 170 ಸ್ಥಾನಗಳಲ್ಲಿ 74ನ್ನು ಗೆದ್ದು ಸೇನೆ ಅಧಿಕಾರಕ್ಕೆ ಬಂತು. ಅಂದರೆ ಸೋಲು ಉಗ್ರತೆಯ ಪ್ರಮಾಣವನ್ನು ಕಡಿಮೆ ಮಾಡಲಿಲ್ಲ. ಅದರ ದಿಕ್ಕನ್ನು ತಿರುಗಿಸಿತು. ನಮ್ಮ ಜನ ನಿಟ್ಟುಸಿರು ಬಿಟ್ಟರು. ಆ ನಿಟ್ಟುಸಿರು ನನ್ನನ್ನು ಇವತ್ತಿಗೂ ಚುಚ್ಚುತ್ತದೆ. ಬೀದಿಯ ಆಚೆ ತುದಿಯ ಬೇಕರಿಯ ಮುಸಲ್ಮಾನ ಮಾಲೀಕ, 1969ರಲ್ಲಿ ಹಿಂಬಾಗಿಲಿನಿಂದ ನಮಗೆ ಪಾವ್ ಕಳಿಸಿದವನು, ಈಗ ಶಟರನ್ನು ಅರ್ಧ ಎತ್ತುವವನಾಗಿದ್ದ. 1992ರ ಡಿಸೆಂಬರ್ ಮತ್ತು 1993ರ ಜನವರಿಯ ಗಲಭೆಗಳ ಹೊತ್ತಿಗೆ ಆ ಬೇಕರಿ ಇರಲಿಲ್ಲ. ಆ ಎರಡು ತಿಂಗಳಲ್ಲಿ ಸತ್ತವರು 900 ಜನ ಎಂದು ಶ್ರೀಕೃಷ್ಣ ಆಯೋಗ ಮುಂದೆ ಬರೆಯಿತು.

ಇದೇ ಮುಂಬಯಿಯಲ್ಲಿ, ಇದೇ ವರ್ಷಗಳಲ್ಲಿ, ಇನ್ನೊಂದು ಪಕ್ಷವೂ ಇಂಥದೇ ದಾರಿಯಲ್ಲಿ ನಡೆಯಿತು. 1980ರ ಡಿಸೆಂಬರಿನಲ್ಲಿ ಬಾಂದ್ರಾದಲ್ಲಿ ಭಾರತೀಯ ಜನತಾ ಪಕ್ಷದ ಮೊದಲ ಮಹಾಧಿವೇಶನ ನಡೆದಾಗ ಅಧ್ಯಕ್ಷ ವಾಜಪೇಯಿಯವರು ಪಕ್ಷಕ್ಕೆ ಕೊಟ್ಟ ತತ್ವ 'ಗಾಂಧೀವಾದಿ ಸಮಾಜವಾದ'. ಆ ಪದವನ್ನು ನುಂಗಲು ವಿಜಯರಾಜೇ ಸಿಂಧಿಯಾ ಅವರಂಥ ಹಳಬರಿಗೆ ಕಷ್ಟವಾಗಿತ್ತು. ನಾಲ್ಕು ವರ್ಷದ ನಂತರ, ಇಂದಿರಾ ಹತ್ಯೆಯ ಬೆನ್ನಲ್ಲೇ ನಡೆದ ಚುನಾವಣೆಯಲ್ಲಿ ಪಕ್ಷಕ್ಕೆ ಸಿಕ್ಕಿದ್ದು 2 ಸ್ಥಾನ. ವಾಜಪೇಯಿಯವರೇ ಗ್ವಾಲಿಯರಿನಲ್ಲಿ ಸೋತರು. ಆ ಚುನಾವಣೆಯಲ್ಲಿ ಯಾವ ತತ್ವ ಹಿಡಿದಿದ್ದರೂ ಯಾರೂ ಗೆಲ್ಲುತ್ತಿರಲಿಲ್ಲ ಎಂದು ನನಗನ್ನಿಸುತ್ತದೆ. ಆದರೆ ಸೋಲಿಗೆ ಕಾರಣ ಹುಡುಕುವವರು ಕೊಲೆಯಾದ ಪ್ರಧಾನಿಯ ಚಿತೆಯನ್ನು ದೂರಲಾರರು. ಗಾಂಧೀವಾದಿ ಸಮಾಜವಾದವನ್ನು ದೂರಬಹುದು. 1986ರಲ್ಲಿ ಆಡ್ವಾಣಿಯವರು ಅಧ್ಯಕ್ಷರಾದರು, 1989ರ ಜೂನಿನಲ್ಲಿ ಪಾಲಂಪುರದಲ್ಲಿ ರಾಮಜನ್ಮಭೂಮಿಯ ನಿರ್ಣಯ ಬಂತು, ಆ ವರ್ಷದ ಚುನಾವಣೆಯಲ್ಲಿ 2 ಇದ್ದದ್ದು 85 ಆಯಿತು. ಬೋಫೋರ್ಸ್ ಹಗರಣ, ಜನತಾದಳದ ಜೊತೆಗಿನ ಸೀಟು ಹೊಂದಾಣಿಕೆ, ಇವೆಲ್ಲವೂ ಆ 85ರಲ್ಲಿ ಪಾಲುದಾರರು. ಆದರೆ ಪಕ್ಷದ ನೆನಪಿನಲ್ಲಿ ಉಳಿದದ್ದು ಪಾಲಂಪುರವೇ. ಸೋಲಿನ ನಂತರ ಬಿಗಿಯಾಗಬೇಕು ಎಂಬುದಕ್ಕೆ ಅಂದಿನಿಂದ ಅದೇ ಸಾಕ್ಷಿ.

2004ರಲ್ಲಿ ಅದೇ ಪಕ್ಷ ಅಧಿಕಾರ ಕಳೆದುಕೊಂಡಾಗ, ಗುಜರಾತಿನ ಗಲಭೆಗಳೂ ಸೋಲಿಗೆ ಒಂದು ಕಾರಣ ಎಂದು ವಾಜಪೇಯಿ ಮನಾಲಿಯಲ್ಲಿ ಹೇಳಿದರು. ಕೆಲವೇ ದಿನಗಳಲ್ಲಿ ರಾಷ್ಟ್ರೀಯ ಕಾರ್ಯಕಾರಿಣಿ ಇದೇ ಮುಂಬಯಿಯಲ್ಲಿ ಸೇರಿತು. ಏನೂ ಆಗಲಿಲ್ಲ. ಎಲ್ಲರಿಗಿಂತ ದೊಡ್ಡ ನಾಯಕನ ಮಾತಾದರೂ ಸಭೆಯಲ್ಲಿ ಕುಳಿತವರು ಬೇರೆಯವರಾಗಿದ್ದರೆ ಅದಕ್ಕೆ ಕಾಲಿರುವುದಿಲ್ಲ.

ನಮ್ಮ ಊರಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಜರಡಿಯ ಮಾತನ್ನು ಅಂಕಿಯಲ್ಲಿ ತೋರಿಸಲು ಅದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. 2023ರ ಮೇ ತಿಂಗಳಲ್ಲಿ ಡೊಂಬಿವಲಿ, ಠಾಣೆ, ಮೀರಾ ರೋಡಿನಿಂದ ಬಸ್ಸು ಬಸ್ಸಾಗಿ ನಮ್ಮ ಹೋಟೆಲ್ ಕೆಲಸಗಾರರು ಓಟು ಹಾಕಲು ಊರಿಗೆ ಹೋದರು. ಮುಂಬಯಿಯಲ್ಲಿ ಇಪ್ಪತ್ತು ವರ್ಷ ಇದ್ದರೂ ಓಟನ್ನು ಊರಿನಲ್ಲೇ ಇಟ್ಟುಕೊಂಡವರು ಇವರು. ಡೊಂಬಿವಲಿಯಲ್ಲಿ ಹೋಟೆಲ್ ನಡೆಸುವ ನನ್ನ ಅಕ್ಕನ ಮಗನೂ ಪುತ್ತೂರಿಗೆ ಹೋದ. ಕರ್ನಾಟಕದಲ್ಲಿ ಬಿಜೆಪಿ 104ರಿಂದ 66ಕ್ಕೆ ಇಳಿಯಿತು. ಆದರೆ ಉಡುಪಿಯ ಐದಕ್ಕೆ ಐದನ್ನೂ ದಕ್ಷಿಣ ಕನ್ನಡದ ಎಂಟರಲ್ಲಿ ಆರನ್ನೂ ಉಳಿಸಿಕೊಂಡಿತು. 2018ರಲ್ಲಿ ಈ ಎರಡು ಜಿಲ್ಲೆಗಳವರು ಪಕ್ಷದ ಶಾಸಕರಲ್ಲಿ ಒಂಬತ್ತಕ್ಕೆ ಒಬ್ಬರಿದ್ದರು. ಸೋತ ಮೇಲೆ ಆರಕ್ಕೆ ಒಬ್ಬರಾದರು. ಯಾರೂ ಪಿತೂರಿ ಮಾಡಬೇಕಾಗಿಲ್ಲ. ಗಟ್ಟಿ ಕ್ಷೇತ್ರದವನು ಉಳಿಯುತ್ತಾನೆ, ಎರಡೂ ಕಡೆಯ ಓಟು ಬೇಡಿ ಗೆಲ್ಲಬೇಕಾದ ಕ್ಷೇತ್ರದವನು ಮನೆಗೆ ಹೋಗುತ್ತಾನೆ, ಮತ್ತು ಯಾಕೆ ಸೋತೆವೆಂಬ ಚರ್ಚೆಗೆ ಕೂರುವವರು ಗೆದ್ದವರೇ. ಇದಕ್ಕೆ ಅಪವಾದಗಳಿಲ್ಲದೆ ಇಲ್ಲ. ಬಿರುಸು ಮಾತಿಗೆ ಹೆಸರಾದ ಸಿ.ಟಿ. ರವಿಯವರೇ ಚಿಕ್ಕಮಗಳೂರಿನಲ್ಲಿ ಸೋತರು.

ಪುತ್ತೂರಿನಲ್ಲಿ ನಡೆದದ್ದು ಇನ್ನೂ ಸ್ವಾರಸ್ಯದ್ದು. ಪಕ್ಷ ಸಾಕಷ್ಟು ಕಟ್ಟಾ ಅಲ್ಲವೆಂದು ಅದರ ಎದುರೇ ಪಕ್ಷೇತರನಾಗಿ ನಿಂತ ಅರುಣ್ ಕುಮಾರ್ ಪುತ್ತಿಲ 62 ಸಾವಿರಕ್ಕೂ ಹೆಚ್ಚು ಮತ ಪಡೆದು ಎರಡನೆಯವರಾದರು, ಬಿಜೆಪಿಯ ಅಧಿಕೃತ ಅಭ್ಯರ್ಥಿ ಮೂರನೆಯ ಸ್ಥಾನಕ್ಕೆ ಹೋದರು, ಕಾಂಗ್ರೆಸ್ ಗೆದ್ದಿತು. ಊರಿನಿಂದ ಮರಳಿದ ಅಕ್ಕನ ಮಗನ ಮುಖದಲ್ಲಿ ಸೋತ ಕಳೆ ಇರಲಿಲ್ಲ. 'ಮಾವ, ನಾವು ಸೋತದ್ದಲ್ಲ, ಅವರನ್ನು ಸೋಲಿಸಿದ್ದು' ಎಂದ. ಯಾರನ್ನು ಎಂದು ಕೇಳಿದೆ. ಕಾಂಗ್ರೆಸ್ಸನ್ನಂತೂ ಅಲ್ಲ. ಒಂದು ವರ್ಷ ತುಂಬುವ ಮೊದಲೇ, ಲೋಕಸಭೆ ಚುನಾವಣೆಯ ಮುನ್ನ, ಪುತ್ತಿಲರನ್ನು ಪಕ್ಷ ಒಳಗೆ ಕರೆದುಕೊಂಡಿತು. ಇತ್ತ ಪಕ್ಷದ ಒಟ್ಟು ಮತಗಳಿಕೆ 2018ರಲ್ಲಿಯೂ 2023ರಲ್ಲಿಯೂ ಶೇಕಡಾ 36ರ ಆಸುಪಾಸಿನಲ್ಲೇ ಇತ್ತು. ನಮ್ಮವರು ಕೈಬಿಟ್ಟಿಲ್ಲ ಎಂದು ಒಬ್ಬ, ಹೊಸಬರು ಯಾರೂ ಬರುತ್ತಿಲ್ಲ ಎಂದು ಇನ್ನೊಬ್ಬ ಅದೇ ಅಂಕಿಯನ್ನು ಓದಬಹುದು. ಹಾಗೆಂದು ಬಿರುಸಾದವರೆಲ್ಲರ ಕೈ ಮೇಲಾಯಿತೆಂದೂ ಹೇಳಲಾಗದು: ವಿಜಯಪುರದಲ್ಲಿ ಗೆದ್ದ ಬಸನಗೌಡ ಪಾಟೀಲ ಯತ್ನಾಳರನ್ನು 2025ರ ಮಾರ್ಚಿನಲ್ಲಿ ಆರು ವರ್ಷಗಳ ಅವಧಿಗೆ ಉಚ್ಚಾಟಿಸಲಾಯಿತು. ಅವರ ಜಗಳ ತತ್ವದ್ದೆಷ್ಟು, ಯಡಿಯೂರಪ್ಪನವರ ಮನೆತನದ ಮೇಲಿನ ಸಿಟ್ಟಿನದೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಕಟ್ಟಾ ಬಣ ಎಂದು ನಾವು ಕರೆಯುವ ಬಹಳಷ್ಟು ಗುಂಪುಗಳ ಒಳಗೆ ಒಬ್ಬ ಅವಕಾಶವಂಚಿತ ನಾಯಕ ಕುಳಿತಿರುತ್ತಾನೆ.

ಸೋಲು ಉಗ್ರರನ್ನು ಮುರಿದ ಉದಾಹರಣೆ ಕೇಳಿದರೆ ಎಲ್ಲರೂ ಬ್ರಿಟನ್ನಿನ ಲೇಬರ್ ಪಕ್ಷವನ್ನು ತೋರಿಸುತ್ತಾರೆ. ಅದನ್ನೂ ಸ್ವಲ್ಪ ಹತ್ತಿರದಿಂದ ನೋಡಬೇಕು. 1983ರಲ್ಲಿ ಮೈಕೆಲ್ ಫುಟ್ ನಾಯಕತ್ವದಲ್ಲಿ, ಅಣ್ವಸ್ತ್ರಗಳನ್ನು ತಾವಾಗಿಯೇ ತ್ಯಜಿಸುವ ಮತ್ತು ಯುರೋಪಿನ ಆರ್ಥಿಕ ಸಮುದಾಯದಿಂದ ಹೊರಬರುವ ಪ್ರಣಾಳಿಕೆ ಹಿಡಿದು ಪಕ್ಷ 209 ಸ್ಥಾನಕ್ಕೆ, ಶೇಕಡಾ 27.6 ಮತಕ್ಕೆ ಕುಸಿಯಿತು. ಎಡಬಣದ ಟೋನಿ ಬೆನ್, ಬಹಿರಂಗವಾಗಿ ಸಮಾಜವಾದಿಯಾದ ಕಾರ್ಯಕ್ರಮವೊಂದಕ್ಕೆ ಎಂಬತ್ತೈದು ಲಕ್ಷ ಜನ ಓಟು ಹಾಕಿದ್ದಾರೆ ಎಂದು ಬರೆದರು. ನನ್ನ ಅಕ್ಕನ ಮಗನ ಮಾತು ಲಂಡನ್ನಿನಲ್ಲಿ ನಲವತ್ತು ವರ್ಷ ಮೊದಲೇ ಆಗಿಹೋಗಿತ್ತು. ಹಾಗಾದರೆ ಎಡಬಣ ಪಕ್ಷವನ್ನು ಏಕೆ ಹಿಡಿಯಲಿಲ್ಲ? ಅನೇಕ ಕಾರಣಗಳಿವೆ, ಆದರೆ ನನಗೆ ಹಿಡಿಸುವುದು ಬಹಳ ಸಣ್ಣದು: ಬೆನ್ ಆ ಚುನಾವಣೆಯಲ್ಲಿ ಬ್ರಿಸ್ಟಲ್‌ನ ತಮ್ಮ ಕ್ಷೇತ್ರದಲ್ಲೇ ಸೋತಿದ್ದರು, ಸಂಸದರಲ್ಲದವರು ನಾಯಕತ್ವಕ್ಕೆ ನಿಲ್ಲುವಂತಿರಲಿಲ್ಲ. ನೀಲ್ ಕಿನ್ನಕ್ ನಾಯಕರಾದರು. ಬೆನ್ ಮರುವರ್ಷ ಉಪಚುನಾವಣೆಯಲ್ಲಿ ಗೆದ್ದು ಬರುವಷ್ಟರಲ್ಲಿ ಕುರ್ಚಿ ತುಂಬಿತ್ತು. ಇಲ್ಲಿ ಗೈರುಹಾಜರಾದವನು ಉಗ್ರನೇ. ಅಷ್ಟಾದ ಮೇಲೂ, ಪಕ್ಷದೊಳಗಿದ್ದ ತೀವ್ರ ಎಡಪಂಥದ ಮಿಲಿಟೆಂಟ್ ಗುಂಪಿನವರನ್ನು ಒಬ್ಬೊಬ್ಬರನ್ನಾಗಿ ಹೊರಹಾಕಿ, ಮತ್ತೆರಡು ಚುನಾವಣೆ ಸೋತು, ಪಕ್ಷ ಗೆದ್ದದ್ದು 1997ರಲ್ಲಿ. ಹದಿನಾಲ್ಕು ವರ್ಷ ಸೋಲುತ್ತ ಕಾಯುವ ಮಾಸ್ತರರು ಎಷ್ಟು ಪಕ್ಷಗಳಲ್ಲಿದ್ದಾರೆ?

ಅಮೆರಿಕದ ಕಥೆ ಇದರ ತದ್ವಿರುದ್ಧ. 2012ರ ಸೋಲಿನ ನಂತರ ರಿಪಬ್ಲಿಕನ್ ಪಕ್ಷವೇ ವರದಿ ಬರೆಸಿತು. ವಲಸಿಗರ ವಿಷಯದಲ್ಲಿ ಮೃದುವಾಗಬೇಕು ಎಂದು 2013ರ ಮಾರ್ಚಿನಲ್ಲಿ ಅದು ಸ್ಪಷ್ಟವಾಗಿಯೇ ಹೇಳಿತು. ಮರುವರ್ಷ ಜೂನಿನಲ್ಲಿ ಸಂಸತ್ತಿನ ಕೆಳಮನೆಯಲ್ಲಿ ಆ ಪಕ್ಷದ ಬಹುಮತ ನಾಯಕರಾಗಿದ್ದ ಎರಿಕ್ ಕ್ಯಾಂಟರ್ ಅವರನ್ನು, ಪಕ್ಷದ ಅಭ್ಯರ್ಥಿಯನ್ನು ಆರಿಸುವ ಅವರ ಕ್ಷೇತ್ರದ ಒಳಚುನಾವಣೆಯಲ್ಲಿ ಹೆಸರಿಲ್ಲದ ಪ್ರಾಧ್ಯಾಪಕರೊಬ್ಬರು ವಲಸೆಯ ಪ್ರಶ್ನೆಯನ್ನೇ ಎತ್ತಿ ಸೋಲಿಸಿದರು. ಅಂಥ ಒಳಚುನಾವಣೆಗೆ ಓಟು ಹಾಕಲು ಬರುವವರು ಕಡಿಮೆ, ತಪ್ಪದೆ ಬರುವವರು ಕಟ್ಟಾ ಜನ. ವರದಿ ಕಪಾಟಿಗೆ ಹೋಯಿತು.

ಮತ್ತೆ ನಮ್ಮ ಬೀದಿಗೆ ಬರುತ್ತೇನೆ. ಬಾಳಾಸಾಹೇಬರ ತಮ್ಮನ ಮಗ ರಾಜ್ ಠಾಕ್ರೆ 2006ರಲ್ಲಿ ಕಟ್ಟಿದ ಮಹಾರಾಷ್ಟ್ರ ನವನಿರ್ಮಾಣ ಸೇನೆ 2009ರ ವಿಧಾನಸಭೆಯಲ್ಲಿ 13 ಸ್ಥಾನ ಗೆದ್ದಿತು, 2014ರಲ್ಲಿ ಒಂದು, 2019ರಲ್ಲಿ ಒಂದು. ಆ ಕೊನೆಯ ಒಂದು ನಮ್ಮ ಡೊಂಬಿವಲಿಗೆ ಅಂಟಿಕೊಂಡಿರುವ ಕಲ್ಯಾಣ ಗ್ರಾಮೀಣ. 2024ರಲ್ಲಿ ಅದೂ ಹೋಗಿ ಸೊನ್ನೆಯಾಯಿತು. ಪ್ರತಿ ಸೋಲಿನ ನಂತರ ಅದು ಹೊಸ ಎದುರಾಳಿಯನ್ನು ಹುಡುಕಿಕೊಂಡದ್ದನ್ನು ಗಮನಿಸಬೇಕು. ಉತ್ತರ ಭಾರತೀಯರ ವಿರುದ್ಧ ಹುಟ್ಟಿದ ಪಕ್ಷ 2020ರ ಜನವರಿಯಲ್ಲಿ ತನ್ನ ಬಹುಬಣ್ಣದ ಧ್ವಜವನ್ನು ಬಿಟ್ಟು ಕೇಸರಿಯನ್ನು ಹಿಡಿಯಿತು, 2022ರಲ್ಲಿ ಮಸೀದಿಗಳ ಧ್ವನಿವರ್ಧಕಗಳನ್ನು ಎತ್ತಿಕೊಂಡಿತು. ಅದೂ ಫಲಿಸದಾಗ 2025ರ ಬೇಸಿಗೆಯಲ್ಲಿ ಮತ್ತೆ ಭಾಷೆಗೆ ಮರಳಿತು. ಮರಾಠಿ ಆಡದ ಅಂಗಡಿಯವರ ಕೆನ್ನೆಗೆ ಬಿದ್ದ ಏಟುಗಳನ್ನು ನಾವೆಲ್ಲ ಮೊಬೈಲಿನಲ್ಲಿ ನೋಡಿದೆವು. ಆ ವರ್ಷದ ಜುಲೈ 5ರಂದು ವರಳಿಯಲ್ಲಿ, ಶಿವಸೇನೆ ಒಡೆದ ಮೇಲೆ 20 ಸ್ಥಾನಕ್ಕೆ ಇಳಿದಿದ್ದ ಬಾಳಾಸಾಹೇಬರ ಮಗ ಉದ್ಧವ್ ಮತ್ತು ಸೊನ್ನೆಗೆ ಇಳಿದಿದ್ದ ರಾಜ್ ಇಪ್ಪತ್ತು ವರ್ಷಗಳ ನಂತರ ಒಂದೇ ವೇದಿಕೆಯ ಮೇಲೆ ಅಪ್ಪಿಕೊಂಡರು. ಸೋಲು ಅಣ್ಣತಮ್ಮಂದಿರನ್ನು ಕೂಡಿಸಿತು, ಅದಕ್ಕಾಗಿ 1966ರ ಹಲಗೆಯನ್ನು ಮತ್ತೆ ಬರೆಯಬೇಕಾಯಿತು.

ಅದೇ ವಾರದಲ್ಲಿ, ಒಡೆದ ಶಿವಸೇನೆಯ ಗೆದ್ದ ಬಣದ ಶಾಸಕರೊಬ್ಬರು ಶಾಸಕರ ವಸತಿಗೃಹದ ಕ್ಯಾಂಟೀನಿನಲ್ಲಿ ಹಳಸಿದ ಬೇಳೆಯ ಹೆಸರಿನಲ್ಲಿ ಕೆಲಸಗಾರನನ್ನು ಹೊಡೆದು, ಆಮೇಲೆ ದಕ್ಷಿಣದ ಹೋಟೆಲಿನವರ ಮೇಲೆ ಹರಿಹಾಯ್ದರು. ಉಗ್ರತೆ ಸೋತವರ ಸೊತ್ತು ಮಾತ್ರವಲ್ಲ ಎಂಬುದಕ್ಕೆ ಇಷ್ಟು ಸಾಕು. ಅಂದು ರಾತ್ರಿ ಅಕ್ಕನ ಮಗ ಫೋನ್ ಮಾಡಿ, ಮಾವ, ನಮ್ಮ ಬೋರ್ಡಿನ ಮೇಲಿನ ಮರಾಠಿ ಅಕ್ಷರ ದೊಡ್ಡದು ಮಾಡಿಸಲೇ ಎಂದು ಕೇಳಿದ. ಮಾಡಿಸು ಎಂದೆ. ಪುತ್ತೂರಿನಲ್ಲಿ ಕಟ್ಟಾಳು, ಡೊಂಬಿವಲಿಯಲ್ಲಿ ಅರ್ಧ ಶಟರಿನವನು; ಇದನ್ನು ಅವನಿಗೆ ಹೇಳಲು ಬಾಯಿ ಬರಲಿಲ್ಲ.

ಮಾಸ್ತರರನ್ನು ನಾನು ಕೊನೆಯ ಸಲ ಕಂಡದ್ದು 1999ರ ಚಳಿಗಾಲದಲ್ಲಿ, ಸೇನೆ ಮತ್ತು ಬಿಜೆಪಿ ರಾಜ್ಯದ ಅಧಿಕಾರ ಕಳೆದುಕೊಂಡ ಕೆಲವು ವಾರಗಳ ಮೇಲೆ. ದಾದರ್ ನಿಲ್ದಾಣದ ಸೇತುವೆಯ ಮೆಟ್ಟಿಲನ್ನು ಒಂದೊಂದಾಗಿ ಇಳಿಯುತ್ತಿದ್ದರು. ಗುರುತು ಹಿಡಿದು, ಅಪ್ಪನನ್ನು ವಿಚಾರಿಸಿ, ಚಹಾಕ್ಕೆ ಬಂದರು. ಇಪ್ಪತ್ತೊಂದು ವರ್ಷದಿಂದ ಇಟ್ಟುಕೊಂಡಿದ್ದ ಪ್ರಶ್ನೆಯನ್ನು ಕೇಳಿಯೇಬಿಟ್ಟೆ: ಅವತ್ತು ಹಲಗೆ ಬರೆಯಲು ಯಾಕೆ ಬರಲಿಲ್ಲ, ಮಾಸ್ತರ್? ಅವರಿಗೆ ಆ ದಿನ ಸರಿಯಾಗಿ ನೆನಪಿರಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿ, ಆ ವರ್ಷ ಮಗಳ ಮದುವೆಯಿತ್ತು, ಸಾಲಕ್ಕಾಗಿ ಓಡಾಟ. ಆಮೇಲೆ ಎರಡು ಟ್ಯೂಷನ್ ಹೆಚ್ಚಿಗೆ ಹಿಡಿದೆ, ಸಂಜೆ ಬಿಡುವಾಗುತ್ತಿರಲಿಲ್ಲ ಎಂದರು. ಹುಡುಗರು ಪ್ರತಿ ವರ್ಷ ಜೂನ್ 19ಕ್ಕೆ ತಪ್ಪದೆ ಮನೆಗೆ ಬರುತ್ತಾರಂತೆ, ಶಾಲು ಹೊದಿಸಿ ತೆಂಗಿನಕಾಯಿ ಕೊಟ್ಟು ಕಾಲಿಗೆ ಬಿದ್ದು ಫೋಟೋ ತೆಗೆಸಿಕೊಳ್ಳುತ್ತಾರಂತೆ. ಏನಾದರೂ ಕೇಳುತ್ತಾರೆಯೇ ಎಂದೆ. ಅವರು ತಟ್ಟೆಗೆ ಸುರಿದುಕೊಂಡಿದ್ದ ಚಹಾವನ್ನು ಮುಗಿಸಿ, ಹೊಸ ಶಾಖಾಪ್ರಮುಖನ ಅಕ್ಷರ ಮಾತ್ರ ತೀರಾ ಕೆಟ್ಟದಾಗಿದೆ ಎಂದು ಹೇಳಿ ಎದ್ದರು.